ಕೊನೆಯ ಸಾಲಿನ ಅಜ್ಜಿಗೂ ಮುಖ ಕಾಣಲಿ

ಕಳೆದ ವರ್ಷ ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಪುಣ್ಯಕೋಟಿಯ ಕಥೆಯನ್ನು ನಾಟಕ ಮಾಡಿದ್ದರು. ಮಗಳೇ ಪುಣ್ಯಕೋಟಿ. ಎರಡು ತಿಂಗಳು ಮನೆಯಲ್ಲಿ ಅದೇ ಮಾತು, ಅದೇ ಹಾಡು. ಬಿಳಿ ಬಟ್ಟೆಯ ವೇಷಕ್ಕೆ ಅಜ್ಜಿಯೇ ಕುಳಿತು ಬಾಲ ಹೊಲಿದು ಕೊಟ್ಟಿದ್ದರು. ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಆರು ತಿಂಗಳಾಗಿತ್ತಷ್ಟೆ. ಆದರೂ "ನಾನು ಬಂದೇ ಬರ್ತೇನೆ" ಎಂದು ಹಟ ಹಿಡಿದು ಬಂದರು. ಬರುವುದು ತಡವಾಗಿದ್ದರಿಂದ ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯೇ ಸಿಕ್ಕಿತು.

ನಾಟಕ ಮುಗಿಯಿತು, ಚಪ್ಪಾಳೆ ಬಿತ್ತು. ಮಗಳು ವೇಷದಲ್ಲೇ ಓಡಿ ಬಂದು, "ಅಜ್ಜೀ, ನಾನು ಅತ್ತಿದ್ದು ನೋಡಿದ್ಯಾ? ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು!" ಎಂದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ದನಿ ಚೆನ್ನಾಗಿ ಕೇಳ್ತು ಮಗಾ. ಮುಖ ಮಾತ್ರ ಕಾಣಲಿಲ್ಲ" ಎಂದರು.

ಅಜ್ಜಿಯ ಕಣ್ಣಿನದೇನೂ ತಪ್ಪಿರಲಿಲ್ಲ. ನನಗೂ ಕಂಡಿರಲಿಲ್ಲ. ಹಿಂಪರದೆಯ ತುಂಬ ಝಗಮಗಿಸುವ ಸೀರಿಯಲ್ ಸೆಟ್ ಬಿಟ್ಟಿದ್ದರು. ನಟರ ನೆತ್ತಿಯ ಮೇಲೆ ನಾಲ್ಕು ಟ್ಯೂಬ್‌ಲೈಟ್. ಹಿಂದಿನ ಎರಡು ಮೂಲೆಗಳಲ್ಲಿ ಫ್ಲಡ್‌ಲೈಟ್ ನಿಲ್ಲಿಸಿ ನಮ್ಮ ಕಡೆಗೇ ತಿರುಗಿಸಿದ್ದರು. ಬೆಳಕಿಗೆ ಕೊರತೆ ಇರಲಿಲ್ಲ; ಅದು ಬೀಳಬೇಕಾದ ಕಡೆ ಬಿದ್ದಿರಲಿಲ್ಲ, ಅಷ್ಟೆ.

ಆ ರಾತ್ರಿ ಮಗಳು ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಕೇಳಿದಳು: "ಅಪ್ಪಾ, ನಾಟಕಕ್ಕೆ ಲೈಟ್ ಹಾಕೋದನ್ನ ಎಲ್ಲಿ ಕಲಿಸ್ತಾರೆ?"

ಹಾಗೆ ನಮ್ಮ ಮನೆಯಲ್ಲಿ ಶುರುವಾದ ಪಾಠವನ್ನೇ ಇಲ್ಲಿ ಬರೆದಿದ್ದೇನೆ. ನಾಟಕ ಮಾಡುವ ಮಕ್ಕಳಿಗೂ ಅದನ್ನು ನೋಡಲು ಆಸೆಯಿಂದ ಹೋಗುವ ಅಜ್ಜ, ಅಜ್ಜಿಯರಿಗೂ ಇದು ಉಪಯೋಗಕ್ಕೆ ಬಂದೀತು.

ದೊಂದಿಯ ಕಾಲದಿಂದ

ಮೊದಲ ಪಾಠ ಹೇಳಿದವರು ಅಜ್ಜ. ಅವರು ಚಿಕ್ಕವರಿದ್ದಾಗ ಕೊಯ್ಲಾದ ಗದ್ದೆಯಲ್ಲಿ ರಾತ್ರಿಯಿಡೀ ಯಕ್ಷಗಾನ ಬಯಲಾಟ. ರಂಗದ ಎರಡು ಬದಿಯ ಕಂಬಗಳಲ್ಲಿ ಗ್ಯಾಸ್‌ಲೈಟ್ ಸುಯ್ಯೆಂದು ಉರಿಯುತ್ತಿತ್ತು. ನಡುರಾತ್ರಿ ಅದು ಮಂಕಾದರೆ ಒಬ್ಬ ಬಂದು, ಅರ್ಜುನನ ಪಕ್ಕದಲ್ಲೇ ನಿಂತು ಪಂಪ್ ಹೊಡೆದು ಹೋಗುತ್ತಿದ್ದನಂತೆ. ಯಾರೂ ನಗುತ್ತಿರಲಿಲ್ಲ, ಬೆಳಕು ಬೇಕಲ್ಲ!

ಅದಕ್ಕೂ ಹಿಂದಿನದು ದೊಂದಿಯ ಕಾಲ. ಕೋಲಿನ ತುದಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ ಹೊತ್ತಿಸಿದ ಪಂಜನ್ನು ಹಿಡಿದು ವೇಷದ ಎರಡೂ ಕಡೆ ಜನ ನಿಲ್ಲುತ್ತಿದ್ದರು. ರಕ್ಕಸ ವೇಷ ಪ್ರವೇಶಿಸುವಾಗ ಆ ಬೆಂಕಿಗೆ ರಾಳದ ಪುಡಿ ಎರಚಿದರೆ ಭಗ್ಗೆಂದು ಜ್ವಾಲೆ ಏಳುತ್ತಿತ್ತು. (ಮಕ್ಕಳೇ, ಇದನ್ನು ಮಾತ್ರ ಮನೆಯಲ್ಲಿ ಮಾಡಿ ನೋಡಬೇಡಿ!) ಕಿರೀಟದ ಹೊಳಪು, ಮುಖದ ಗಾಢ ಬಣ್ಣ ಎಲ್ಲವೂ ಆ ಅಲುಗಾಡುವ ಹಳದಿ ಬೆಳಕಿಗೆ ಚೆನ್ನಾಗಿ ಹೊಂದುತ್ತಿದ್ದವು. ಸುತ್ತ ಕಗ್ಗತ್ತಲು, ನಡುವೆ ವೇಷದ ಮುಖ. ನೋಡುವವರ ಕಣ್ಣಿಗೆ ಬೇರೆಲ್ಲೂ ಹೋಗಲು ದಾರಿಯೇ ಇಲ್ಲ.

ಬೇರೆ ದೇಶಗಳ ರಂಗಮಂದಿರಗಳಲ್ಲೂ ಮೊದಲಿಗೆ ಮೇಣದ ಬತ್ತಿ, ಎಣ್ಣೆ ದೀಪ, ಆಮೇಲೆ ಅನಿಲದ ದೀಪ ಬಂದವು. ಬೆಂಕಿಯ ಅಪಾಯ ಮಾತ್ರ ತಪ್ಪಿರಲಿಲ್ಲ. 1881ರ ಡಿಸೆಂಬರಿನಲ್ಲಿ ವಿಯೆನ್ನಾದ ರಿಂಗ್ ಥಿಯೇಟರ್ ಹೊತ್ತಿಕೊಂಡು ನೂರಾರು ಜನ ಸತ್ತರು. ಅದೇ ವರ್ಷ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಕಟ್ಟಡದ ತುಂಬ ವಿದ್ಯುತ್ ದೀಪ ಹಾಕಿದರು. ಹೊಸ ದೀಪ ಕಂಡು ಜನ ಹೆದರಬಾರದೆಂದು ಅದರ ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್ ರಂಗದ ಮೇಲೆ ನಿಂತು, ಉರಿಯುತ್ತಿದ್ದ ಒಂದು ಬಲ್ಬನ್ನು ಒಡೆದು ತೋರಿಸಿದ. ಬೆಂಕಿ ಹತ್ತಲಿಲ್ಲ. ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು.

ವಿದ್ಯುತ್ತಿನಿಂದ ಒಂದು ದೊಡ್ಡ ಅನುಕೂಲವಾಯಿತು. ದೀಪವನ್ನು ದೂರದಲ್ಲಿಟ್ಟು, ಬೇಕಾದಾಗ ಹೆಚ್ಚು ಕಡಿಮೆ ಮಾಡಬಹುದು. 1959ರಲ್ಲಿ ಕೋಲ್ಕತ್ತದ ಮಿನರ್ವಾ ಥಿಯೇಟರಿನಲ್ಲಿ ಉತ್ಪಲ್ ದತ್ ಅವರ 'ಅಂಗಾರ್' ನಾಟಕ ನಡೆಯಿತು. ಕಲ್ಲಿದ್ದಲು ಗಣಿಯೊಳಗೆ ನೀರು ನುಗ್ಗಿ ಏರುವ ದೃಶ್ಯವನ್ನು ತಾಪಸ್ ಸೇನ್ ಎಂಬ ಕಲಾವಿದರು ಬೆಳಕಿನಿಂದ ತೋರಿಸಿದರು. ಜನ ಉಸಿರು ಬಿಗಿಹಿಡಿದು ನೋಡಿದರು. ಭಾರತದ ರಂಗಬೆಳಕಿನ ಚರಿತ್ರೆಯಲ್ಲಿ ಅದು ಇಂದಿಗೂ ದೊಡ್ಡ ಮಾತು.

ಟಾರ್ಚ್, ಅಜ್ಜನ ಮೂಗು, ಕತ್ತಲೆ ಕೋಣೆ

ಎರಡನೇ ಪಾಠಕ್ಕೆ ನಮ್ಮ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಬಂದರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆ 1980ರಲ್ಲಿ ನಾಟಕ ಕಲಿಸುವ ಶಾಲೆ ತೆರೆಯಿತಲ್ಲ, ಅಲ್ಲಿ ಕಲಿತವರು ಅವರು. "ಲೈಟ್ ತರೋದು ಆಮೇಲೆ. ಮೊದಲು ಒಂದು ಟಾರ್ಚ್ ತಗೊಂಡು ಬಾ" ಎಂದರು.

ರಾತ್ರಿ ಕೋಣೆಯ ದೀಪ ಆರಿಸಿದೆವು. ಅಜ್ಜ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರು. ಮಗಳ ಕೈಯಲ್ಲಿ ಟಾರ್ಚ್. ನೀವೂ ಹೀಗೆ ಮಾಡಿ ನೋಡಿ:

ಎದುರಿನಿಂದ ನೇರವಾಗಿ ಬಿಟ್ಟರೆ ಮುಖ ಪೂರ್ತಿ ಕಾಣುತ್ತದೆ. ಆದರೆ ಮೂಗು, ಕೆನ್ನೆ ಎಲ್ಲ ಒಂದೇ ಸಮ. ಗುರುತಿನ ಚೀಟಿಯ ಫೋಟೋ ಇದ್ದ ಹಾಗೆ.

ಗದ್ದದ ಕೆಳಗಿನಿಂದ ಬಿಟ್ಟರೆ ಅಜ್ಜ ಹೋಗಿ ಬ್ರಹ್ಮರಾಕ್ಷಸ ಬರುತ್ತಾನೆ! ಸೂರ್ಯನಾಗಲಿ ಮನೆಯ ದೀಪವಾಗಲಿ ನಮಗೆ ಬೆಳಕು ಕೊಡುವುದು ಮೇಲಿನಿಂದ. ಕೆಳಗಿನಿಂದ ಬಂದ ಬೆಳಕು ಕಣ್ಣಿಗೆ ರೂಢಿಯಿಲ್ಲ, ಅದಕ್ಕೇ ಹೆದರಿಕೆ.

ನೆತ್ತಿಯ ಮೇಲಿನಿಂದ ಬಿಟ್ಟರೆ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ವಾರ್ಷಿಕೋತ್ಸವದ ಟ್ಯೂಬ್‌ಲೈಟ್ ಮಾಡಿದ್ದು ಇದನ್ನೇ.

ಒಂದು ಬದಿಯಿಂದ ಬಿಟ್ಟರೆ ಅರ್ಧ ಮುಖ ಬೆಳಕು, ಅರ್ಧ ಕತ್ತಲು. ಕುಣಿತಕ್ಕೆ ಇದು ಚೆಂದ; ಕೈಕಾಲಿನ ಚಲನೆ ಎದ್ದು ಕಾಣುತ್ತದೆ.

ಬೆನ್ನ ಹಿಂದಿನಿಂದ ಬಿಟ್ಟರೆ ಕೂದಲಿಗೂ ಭುಜಕ್ಕೂ ಬೆಳಕಿನ ಅಂಚು ಮೂಡುತ್ತದೆ, ಮುಖ ಮಾತ್ರ ಕಪ್ಪು. ನಟರನ್ನು ಹಿಂಪರದೆಯಿಂದ ಬೇರ್ಪಡಿಸಿ ತೋರಿಸಲು ಇದು ಬೇಕು, ಆದರೆ ಇದೊಂದೇ ಸಾಲದು.

ಕೊನೆಗೆ ಮಗಳು ಸ್ಟೂಲ್ ಹತ್ತಿ, ಎದುರಿಗೆ ಸ್ವಲ್ಪ ಪಕ್ಕಕ್ಕೆ ನಿಂತು, 45 ಡಿಗ್ರಿ ಓರೆಯಲ್ಲಿ ಮೇಲಿನಿಂದ ಬೆಳಕು ಬಿಟ್ಟಳು. ಮೂಗಿನ ಪಕ್ಕ ಒಂದು ಪುಟ್ಟ ನೆರಳು. ಕೆನ್ನೆ ದುಂಡಗಾಯಿತು, ಕಣ್ಣು ಕಂಡಿತು. "ಈಗ ನೋಡಪ್ಪ ಇದು ನಮ್ಮ ಮನೆಯ ಯಜಮಾನರ ಮುಖ!" ಎಂದರು ಅಜ್ಜಿ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರಲ್ಲಿ ಬರೆದ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ. ಪ್ರತಿ ನಟನಿಗೂ ಎಡದಿಂದ ಒಂದು, ಬಲದಿಂದ ಒಂದು ದೀಪ ಇರಲಿ. ಎರಡೂ 45 ಡಿಗ್ರಿ ಓರೆಯಲ್ಲಿ ಮೇಲಿನಿಂದ ಬರಲಿ. ಒಂದು ಬೆಚ್ಚನೆಯ ಹಳದಿ, ಇನ್ನೊಂದು ತಣ್ಣನೆಯ ನೀಲಿ ಛಾಯೆಯದ್ದಾಗಿರಲಿ. ಮುಖವೂ ಕಾಣುತ್ತದೆ, ನೆರಳೂ ಉಳಿಯುತ್ತದೆ. ಇವತ್ತಿಗೂ ರಂಗಬೆಳಕು ಕಲಿಯುವವರು ಶುರುಮಾಡುವುದು ಇಲ್ಲಿಂದಲೇ.

ಇನ್ನೊಂದು ಲೆಕ್ಕವನ್ನೂ ಟಾರ್ಚ್ ಕಲಿಸಿತು. ದೀಪವನ್ನು ಎರಡರಷ್ಟು ದೂರಕ್ಕೆ ಒಯ್ದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಒಂದು ಅಡಿ ದೂರದಲ್ಲಿ ಒಂದು ಚೌಕದ ಮೇಲೆ ಬೀಳುವ ಬೆಳಕು, ಎರಡು ಅಡಿ ದೂರದಲ್ಲಿ ಅಂಥ ನಾಲ್ಕು ಚೌಕಗಳಿಗೆ ಹಂಚಿಹೋಗುತ್ತದೆ. ಅದಕ್ಕೇ ದೀಪ ಎಷ್ಟು ದೊಡ್ಡದು ಎನ್ನುವಷ್ಟೇ, ಎಷ್ಟು ದೂರದಲ್ಲಿದೆ ಎನ್ನುವುದೂ ಮುಖ್ಯ.

ಕಪ್ಪಾದ ಕೆಂಪು ದಾಸವಾಳ

ಮೂರನೇ ದಿನ ಬಣ್ಣ. ಅಂಗಡಿಯಿಂದ ಕೆಂಪು, ಹಸಿರು, ನೀಲಿ ಬಣ್ಣದ ಗಾಜಿನಂಥ ಕಾಗದ ತಂದು ಟಾರ್ಚಿನ ಬಾಯಿಗೆ ಎರಡು ಪದರ ಕಟ್ಟಿದೆವು. ಅಂಗಳದಿಂದ ಒಂದು ಕೆಂಪು ದಾಸವಾಳ ಕಿತ್ತು ತಂದು, ಅದರ ಮೇಲೆ ಹಸಿರು ಬೆಳಕು ಬಿಟ್ಟಾಗ ಹೂವು ಕಪ್ಪಗಾಯಿತು. ಮಗಳಿಗೆ ಆಶ್ಚರ್ಯ.

ಕಾರಣ ಸರಳ. ಆ ಕಾಗದ ಬೆಳಕಿಗೆ ಬಣ್ಣ ಬಳಿಯುವುದಿಲ್ಲ. ತನ್ನ ಬಣ್ಣವನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಹಸಿರು ಬೆಳಕಿನಲ್ಲಿ ಕೆಂಪು ಇಲ್ಲವೇ ಇಲ್ಲ ಎನ್ನಬಹುದು. ಕೆಂಪನ್ನು ಮಾತ್ರ ಹಿಂದಕ್ಕೆ ಕಳಿಸಬಲ್ಲ ಹೂವು ಪಾಪ ಏನು ಕಳಿಸೀತು? ಹಾಗಾಗಿ ಕೆಂಪು ಸೀರೆಯುಟ್ಟ ರಾಣಿಯ ಮೇಲೆ ದಟ್ಟ ಹಸಿರು ಬೆಳಕು ಬಿಟ್ಟರೆ ರಾಣಿಯ ಸೀರೆ ಮಸಿ ಹಿಡಿದಂತೆ ಕಾಣುತ್ತದೆ. ಬೆಳಕು ಹಾಕುವವರು ವೇಷಭೂಷಣದವರ ಜೊತೆ ಮೊದಲೇ ಮಾತಾಡಬೇಕಾದದ್ದು ಇದಕ್ಕೇ.

ಚಿತ್ರ ಬರೆಯುವಾಗ ಕೆಂಪು, ಹಸಿರು ಬಣ್ಣ ಕಲೆಸಿದರೆ ಕೊಳಕು ಕಂದು ಬರುತ್ತದೆ. ಆದರೆ ಗೋಡೆಯ ಮೇಲೆ ಕೆಂಪು ಬೆಳಕು, ಹಸಿರು ಬೆಳಕು ಸೇರಿದರೆ ಹಳದಿ! ನೀಲಿಯೂ ಸೇರಿದರೆ ಬಿಳಿ. ಕಾಗದದ ಬಣ್ಣ ಅಷ್ಟು ಶುದ್ಧವಲ್ಲದ್ದರಿಂದ ನಮ್ಮ ಗೋಡೆಯ ಮೇಲೆ ಪೂರ್ತಿ ಬಿಳಿ ಬರಲಿಲ್ಲ, ಸ್ವಲ್ಪ ಗುಲಾಬಿ ಬಂತು. ಅಷ್ಟಾದರೂ ವಿಷಯ ತಿಳಿಯಿತು.

ಯಾವ ದೀಪ ಎಲ್ಲಿಗೆ?

ನಾಟಕದಲ್ಲಿ ಬಳಸುವ ದೀಪಗಳ ಹೆಸರು ಕೇಳಿದರೆ ಕಷ್ಟ ಎನಿಸುತ್ತದೆ, ಕೆಲಸ ನೋಡಿದರೆ ಸುಲಭ. ಫ್ಲಡ್‌ಲೈಟ್ ಬಕೆಟ್ಟಿನಿಂದ ನೀರು ಚೆಲ್ಲಿದ ಹಾಗೆ ಎಲ್ಲ ಕಡೆ ಹರಡುತ್ತದೆ. ಹಿಂಪರದೆಗೆ ಆಕಾಶದ ಬಣ್ಣ ಕೊಡಲು ಸರಿ, ಒಬ್ಬರ ಮುಖ ತೋರಿಸಲು ಸರಿಯಲ್ಲ. ಪ್ರೊಫೈಲ್ ಸ್ಪಾಟ್ ಅಂಚು ಕತ್ತರಿಸಿದಂಥ ಚೊಕ್ಕ ವೃತ್ತ ಮೂಡಿಸುತ್ತದೆ. ಫ್ರೆನೆಲ್ ಸ್ಪಾಟಿನ ಅಂಚು ಮೃದು. ಒಂದರ ಬೆಳಕು ಇನ್ನೊಂದರೊಳಗೆ ಗೊತ್ತಾಗದಂತೆ ಬೆರೆಯುತ್ತದೆ. ಅದರ ಗಾಜು ಉಂಗುರ ಉಂಗುರವಾಗಿರುತ್ತದೆ. 200 ವರ್ಷಗಳ ಹಿಂದೆ ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ಸಮುದ್ರದ ದೀಪಸ್ತಂಭಗಳಿಗಾಗಿ ರೂಪಿಸಿದ ಮಸೂರ ಅದು. ಪಾರ್ ಎನ್ನುವುದು ಡಬ್ಬಿಯಂಥ ದೀಪ. ಈಗ ಮದುವೆ ಮಂಟಪದಲ್ಲೂ ಕಾಣುವ ಎಲ್‌ಇಡಿ ಪಾರ್, ಕಾಗದ ಕಟ್ಟದೆಯೇ ಬಣ್ಣ ಬದಲಿಸುತ್ತದೆ.

ದೀಪವನ್ನು ನಿಧಾನವಾಗಿ ಏರಿಸಿ ಇಳಿಸುವ ಸಾಧನಕ್ಕೆ ಡಿಮ್ಮರ್ ಎನ್ನುತ್ತಾರೆ. "ಫಕ್ಕನೆ ಆರಿಸಿದರೆ ಅದು ಗುಡುಗು, ಹತ್ತು ಎಣಿಸಿ ಆರಿಸಿದರೆ ಅದು ಸಂಜೆ" ಎಂದು ಮೇಷ್ಟ್ರು ಹೇಳಿಕೊಟ್ಟರು. ಬೆಳಕಿನ ತೀವ್ರತೆ, ಬಣ್ಣ, ಅದು ಬೀಳುವ ಜಾಗ, ಅದರ ಚಲನೆ — ಕಲಿಯಬೇಕಾದ ಗುಣಗಳು ಈ ನಾಲ್ಕೇ.

ಕರೆಂಟಿನ ಲೆಕ್ಕ ತಪ್ಪಬಾರದು

ಇಲ್ಲಿ ಮಾತ್ರ ಆಟವಿಲ್ಲ. ವಾಟ್ ಅನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ನಮ್ಮ ಮನೆ, ಶಾಲೆಗಳಿಗೆ ಬರುವುದು 230 ವೋಲ್ಟ್. 1000 ವಾಟ್ ಹ್ಯಾಲೊಜನ್ ದೀಪ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಅಂಥದ್ದು ಒಂದೇ. ಎರಡು ಸಿಕ್ಕಿಸಿದರೆ ವೈರ್ ಬಿಸಿಯಾಗಿ ಅನಾಹುತ. 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೆ ಮೂರು. ಎಲ್‌ಇಡಿ ಪಾರ್‌ಗಳಿಗೆ ಇದರ ಸಣ್ಣ ಪಾಲು ಸಾಕು.

ವೈರ್ ಎಳೆಯುವುದು, ಏಣಿ ಹತ್ತುವುದು, ದೀಪ ಕಟ್ಟುವುದು ಎಲೆಕ್ಟ್ರಿಷಿಯನ್ ಮತ್ತು ದೊಡ್ಡವರ ಕೆಲಸ. ಎತ್ತರದಲ್ಲಿ ಕಟ್ಟಿದ ಪ್ರತಿ ದೀಪಕ್ಕೂ ಹಿಡಿಕೆಯಲ್ಲದೆ ಇನ್ನೊಂದು ಸರಪಳಿ ಇರಲೇಬೇಕು. ಹಿಡಿಕೆ ಸಡಿಲವಾದರೂ ದೀಪ ತಲೆಯ ಮೇಲೆ ಬೀಳಬಾರದು. ಉರಿದ ಹ್ಯಾಲೊಜನ್ ದೀಪ ಆರಿದ ಮೇಲೂ ಬಹಳ ಹೊತ್ತು ಸುಡುತ್ತದೆ, ಪರದೆಗೂ ಬಟ್ಟೆಗೂ ದೂರವಿರಲಿ. ಯಾವ ದೀಪ ಯಾವಾಗ, ಎಲ್ಲಿಗೆ, ಎಷ್ಟು ಎಂದು ಯೋಚಿಸುವುದು ಮಕ್ಕಳ ಕೆಲಸ. ನಿಜವಾದ ಕಲೆ ಇರುವುದೂ ಅಲ್ಲೇ.

ಮತ್ತೆ ಪುಣ್ಯಕೋಟಿ

ಈ ವರ್ಷ ಶಾಲೆಯಲ್ಲಿ ಮತ್ತೆ ಅದೇ ನಾಟಕ. "ನಿನಗೆ ಯಾವ ಪಾತ್ರ ಬೇಕು?" ಎಂದು ಟೀಚರ್ ಕೇಳಿದಾಗ ಮಗಳು "ನನಗೆ ಲೈಟ್ ಕೊಡಿ ಮಿಸ್" ಎಂದಳಂತೆ. ಮೇಷ್ಟ್ರು ಜೊತೆಗೆ ನಿಲ್ಲಲು ಒಪ್ಪಿದರು. ಮೈಕ್‌ಸೆಟ್ ಅಂಗಡಿಯಿಂದ ಆರು ಎಲ್‌ಇಡಿ ಪಾರ್, ಒಂದು ಸಣ್ಣ ಕಂಟ್ರೋಲ್ ಬೋರ್ಡ್ ಬಾಡಿಗೆಗೆ ಬಂದವು. ಹಿಂದಿನ ಸೀರಿಯಲ್ ಸೆಟ್ ಬೇಡವೆಂದು ಹೇಳಲು ಅವಳು ಎರಡು ದಿನ ಧೈರ್ಯ ತಂದುಕೊಳ್ಳಬೇಕಾಯಿತು.

ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಪಟ್ಟಿ ಹೀಗಿತ್ತು:

1. ಬೆಳಗ್ಗೆ. ಎಡದಿಂದ ಹೊಂಬಣ್ಣ, ಇಪ್ಪತ್ತು ಎಣಿಸಿ ಏರಿಸಬೇಕು.

2. ಕಾಡು. ಎರಡು ಬದಿಯಿಂದ ಹಸಿರು, ನೀಲಿ. ಎದುರಿನ ದೀಪ ಕಡಿಮೆ ಮಾಡಬಹುದು, ಆರಿಸಬಾರದು. ಮುಖ ಕಾಣಬೇಕು.

3. ಹುಲಿ. ಎಲ್ಲ ಆರಿಸಿ, ಬಿಳಿ ಪರದೆಯ ಮೇಲೆ ನೆರಳು ಮಾತ್ರ.

4. ಕೊಟ್ಟಿಗೆ. ನಡುವೆ ಬೆಚ್ಚನೆ ಹಳದಿ. ಹಸು, ಕರು ಇಬ್ಬರೇ. ಉಳಿದದ್ದೆಲ್ಲ ಕತ್ತಲು.

5. ಕೊನೆ. ಹುಲಿಯ ಮುಖಕ್ಕೆ ಬೆಳಕು. ಹತ್ತು ಎಣಿಸಿ ಇಳಿಸಬೇಕು.

ಹುಲಿಯ ನೆರಳಿನ ಉಪಾಯ ಅಜ್ಜನದು. ತೊಗಲು ಗೊಂಬೆಯಾಟದಲ್ಲಿ ಪರದೆಯ ಹಿಂದೆ ಒಂದೇ ದೀಪ ಇಟ್ಟು ಇಡೀ ರಾಮಾಯಣ ತೋರಿಸುತ್ತಿದ್ದರಲ್ಲ! ವಸ್ತು ದೀಪಕ್ಕೆ ಹತ್ತಿರವಾದಷ್ಟೂ ನೆರಳು ದೊಡ್ಡದು. ಮೊದಲು ಪಾರ್ ದೀಪ ಹಚ್ಚಿ ನೋಡಿದರೆ ಹುಲಿಗೆ ಹತ್ತಾರು ಮಸುಕು ನೆರಳು. ಅದರೊಳಗೆ ಹಲವು ಪುಟ್ಟ ದೀಪಗಳಿರುವುದೇ ಕಾರಣ. ಅಜ್ಜನ ಹಳೆಯ ಒಂದೇ ಬಲ್ಬಿನ ಟಾರ್ಚ್ ತಂದಿಟ್ಟಾಗ ಒಂದೇ ಚೊಕ್ಕ ನೆರಳು ಬಂತು. ನಾಲ್ಕನೇ ತರಗತಿಯ ಪುಟ್ಟ ಹುಲಿ ಪರದೆಯ ಮೇಲೆ ಮರದಷ್ಟು ಎತ್ತರ ನಿಂತಿತು.

ನಾಟಕದ ದಿನ ಎಲ್ಲವೂ ಸರಿಯಾಗಿಯೇ ನಡೆಯಿತು ಎಂದು ಹೇಳಲಾರೆ. ಕೊಟ್ಟಿಗೆಯ ದೃಶ್ಯ ಬರುವಾಗ ಮಗಳು ನಾಟಕ ನೋಡುತ್ತಾ ಮೈಮರೆತಳು. ಕರು ಕತ್ತಲಲ್ಲೇ ಎರಡು ಮಾತು ಆಡಿತು. ಮೇಷ್ಟ್ರು ಭುಜ ತಟ್ಟಿದ ಮೇಲೆ ಬೆಳಕು ಬಂತು. ಆದರೆ ಬಂದ ಬೆಳಕು ಸರಿಯಾಗಿ ಆ ಇಬ್ಬರು ಮಕ್ಕಳ ಮುಖದ ಮೇಲೆ ಬಂತು. ಇಡೀ ಮೈದಾನ ನಿಶ್ಶಬ್ದವಾಯಿತು. ಕಡಲೆಕಾಯಿ ಬಿಡಿಸುತ್ತಿದ್ದವರೂ ಕೈ ನಿಲ್ಲಿಸಿದರು.

ಅಜ್ಜಿ ಈ ಸಲವೂ ಕೊನೆಯ ಸಾಲಿನಲ್ಲೇ ಕುಳಿತಿದ್ದರು. ಮುಂದೆ ಜಾಗವಿತ್ತು, ಬೇಡವೆಂದರು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ, ಕತ್ತಲೆಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಎದುರಿನಿಂದ ಚುಚ್ಚುವ ದೀಪವಿದ್ದರಂತೂ ಏನೂ ಕಾಣದು. ಅದಕ್ಕೇ ಅಭ್ಯಾಸದ ದಿನ ಮಗಳು ಪ್ರತಿ ದೀಪ ಹಚ್ಚಿದ ಮೇಲೂ ಓಡಿ ಹೋಗಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ನೋಡಿ ಬಂದಿದ್ದಳು. ನೀವು ನಾಟಕಕ್ಕೆ ಬೆಳಕು ಹಾಕುವಾಗಲೂ ಈ ಒಂದು ಕೆಲಸ ಮರೆಯಬೇಡಿ.

ನಾಟಕ ಮುಗಿದ ಮೇಲೆ ಅವಳು ಬೋರ್ಡಿನ ಹಿಂದಿನಿಂದ ಎದ್ದು ಬಂದಳು. ಕೈಯಲ್ಲಿ ಅದೇ ನೋಟ್‌ಬುಕ್.

"ಕಾಣ್ತಾ ಅಜ್ಜೀ?"

"ಎಲ್ಲ ಕಾಣ್ತು ಮಗಾ. ಕರು ಅತ್ತಿದ್ದು ಕಾಣ್ತು. ಹುಲಿಯ ಮೀಸೆ ಒಂದು ಕಡೆ ಕಿತ್ತು ಬಂದಿದ್ದೂ ಕಾಣ್ತು. ನೀನೊಬ್ಬಳೇ ಕಾಣಲಿಲ್ಲ ನೋಡು."

"ಲೈಟ್ ಹಾಕೋರು ಕಾಣಬಾರದು ಅಜ್ಜಿ" ಎಂದು ಹೇಳಿ, ಅಜ್ಜಿಯ ಕೈ ಹಿಡಿದು, ಟಾರ್ಚ್ ಹಚ್ಚಿ, ಮೈದಾನದ ಕತ್ತಲಲ್ಲಿ ಅವರನ್ನು ನಿಧಾನವಾಗಿ ಗೇಟಿನವರೆಗೆ ನಡೆಸಿಕೊಂಡು ಬಂದಳು.